ಪರಊರಿನ ಉಸಾಬರಿ ನಮ್ಮ ಹುಡುಗಿಗೇಕೆ?



ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಬೇರೆಯಾಗಿಯೇ ತೆಗೆದಿಟ್ಟುಕೊಂಡಿದ್ದೆ. ಕಲಬುರಗಿ ಜಿಲ್ಲೆ, ಆಳಂದ ತಾಲೂಕಿನ ನಿಂಬರ್ಗಾದಿಂದ ಒಬ್ಬ ತಾಯಿ ಬರೆದದ್ದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗೆಯೇ ಆಗಲಿ. ಅವರ ಅಳಲನ್ನು ಅವರ ಮಾತಿನಲ್ಲೇ ಕೇಳಿ:

"ಅಕ್ಕಾರ, ನನ್ನ ಮಗಳು ಅಮೆರಿಕಾದಾಗ ಕಂಪ್ಯೂಟರ್ ಎಂ.ಎಸ್. ಓದ್ಲಕತ್ತಾಳ. ಬ್ಯಾಂಕಿನ ಸಾಲ ಅದ, ಹೊಲದ ಮ್ಯಾಲೂ ಸಾಲ ಅದ. ಹೋದ ಆಯ್ತವಾರ ಫೋನ್ ಮಾಡಿದಾಗ ಏನಂದ್ಳು ಗೊತ್ತೇನ್ರಿ? ಶನಿವಾರಕ್ಕೊಮ್ಮೆ ಲೈಬ್ರರಿಗೆ ಹೋಗಿ ಮುದುಕರಿಗೆ ಕಂಪ್ಯೂಟರ್ ಹೇಳಿಕೊಡ್ತಾಳಂತ. ಅದು ಸಾಲ್ದು ಅಂತ, ಆ ಊರಿನ ಮುನಸಿಪಾಲ್ಟಿ ಮೀಟಿಂಗಿಗೆ ಹೋಗಿ, ರಾತ್ರಿ ಬಸ್ಸು ಕಡಿಮಿ ಮಾಡಬ್ಯಾಡ್ರಿ ಅಂತ ಮೈಕಿನಾಗ ಮಾತಾಡಿ ಬಂದಾಳಂತ. ಕೇಳಿ ನನ್ನ ಎದಿ ಧಸಕ್ ಅಂತು. ಇವರಪ್ಪಗ ಇನ್ನೂ ಹೇಳಿಲ್ಲ. ಓದಲಿಕ್ಕೆ ಹೋದಾಕಿಗೆ ಪರಊರಿನ ಉಸಾಬರಿ ಯಾಕ್ರಿ? ಓದು ಕೆಟ್ಟರ, ವೀಸಾ ಹೋದರ ನಾವೇನು ಮಾಡಬೇಕು? ಬ್ಯಾಡ ಅಂತ ಹೇಳಲೇನು?"

ತಂಗೀ, ನಿಮ್ಮ ಎದೆ ಧಸಕ್ಕೆಂದದ್ದರಲ್ಲಿ ತಪ್ಪೇನೂ ಇಲ್ಲ. ಹೊಲದ ಮೇಲೆ ಸಾಲ ತೆಗೆದವರಿಗೇ ಗೊತ್ತು ಅದರ ಭಾರ. ತೊಗರಿ ಕೈಕೊಟ್ಟ ವರ್ಷ ಬಡ್ಡಿ ಕಟ್ಟುವುದೇ ಕಷ್ಟ, ಅಂಥದ್ದರಲ್ಲಿ ಮಗಳನ್ನು ಏಳು ಸಮುದ್ರದಾಚೆ ಕಳಿಸಿದ ನಿಮ್ಮ ಧೈರ್ಯ ದೊಡ್ಡದು. ಆದರೆ ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಓದಿಗೂ ವೀಸಾಕ್ಕೂ ತೊಂದರೆಯಾದೀತೇ ಎಂಬುದು ಒಂದು. ತನ್ನದಲ್ಲದ ಊರಿನ ಕೆಲಸಕ್ಕೆ ಕೈಹಾಕುವುದು ದಂಡವೇ ಎಂಬುದು ಇನ್ನೊಂದು. ಕೂದಲ ಸಿಕ್ಕು ಬಿಡಿಸಿದ ಹಾಗೆ ಒಂದೊಂದಾಗಿ ಬಿಡಿಸೋಣ. ಎರಡನೆಯದನ್ನು ಮೊದಲು ನೋಡೋಣ. ಅದಕ್ಕೆ ನಮ್ಮ ನಾಡಿನ ಇಬ್ಬರ ಕಥೆ ಹೇಳಬೇಕು.

ಅಮೆರಿಕಾದಲ್ಲಿ ಆ್ಯನ್ ಆರ್ಬರ್ ಎಂಬ ಊರಿದೆ. ಮಿಶಿಗನ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. 1913ರಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಯ ಒಬ್ಬ ಯುವಕ, ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ ಮುಗಿಸಿ, ಮುಂದಿನ ಓದಿಗೆಂದು ಅಮೆರಿಕಾಕ್ಕೆ ಹೊರಟ. ಅವರೇ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ಮಿಶಿಗನ್ನಿನಲ್ಲಿ ಅವರು ಆರಿಸಿಕೊಂಡ ವಿಷಯ ಸಾರ್ವಜನಿಕ ಆರೋಗ್ಯ. ಅಂದರೆ ಒಬ್ಬ ರೋಗಿಗೆ ಔಷಧ ಕೊಡುವುದಷ್ಟೇ ಅಲ್ಲ, ಇಡೀ ಊರಿಗೇ ರೋಗ ಬಾರದ ಹಾಗೆ ನೋಡಿಕೊಳ್ಳುವ ವಿದ್ಯೆ. ಕುಡಿಯುವ ನೀರು, ಗಟಾರ, ಅಂಟುಜಾಡ್ಯ, ಇವೆಲ್ಲ ಅದರ ಪಾಠಗಳು. ನೋಡಿ, ಇಂಥ ಓದನ್ನು ಓದುವವನು ಊರಿನ ಉಸಾಬರಿ ಬೇಡ ಎಂದರೆ ಹೇಗಾದೀತು? ಊರೇ ಅವನ ಪುಸ್ತಕ.

1916ರಲ್ಲಿ ಹರ್ಡೀಕರರು ಪದವಿ ಪಡೆದರು. ಅಲ್ಲಿದ್ದ ನಮ್ಮ ದೇಶದ ವಿದ್ಯಾರ್ಥಿಗಳ ಸಂಘವಾದ ಹಿಂದೂಸ್ತಾನ್ ಅಸೋಸಿಯೇಷನ್ನಿಗೆ ಅಧ್ಯಕ್ಷರೂ ಆದರು. ಆಗ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿದ್ದು ಹೋಂ ರೂಲ್ ಲೀಗ್ ಕಟ್ಟಿದ್ದರು. ಹರ್ಡೀಕರರು ಅವರ ಜೊತೆ ಸೇರಿ, ಊರೂರು ತಿರುಗಿ, ನಮ್ಮ ದೇಶದ ಕಷ್ಟವನ್ನು ಅಮೆರಿಕಾದ ಜನರ ಮುಂದೆ ಹೇಳಿದರು. ಪರಕೀಯರ ಎದುರು, ಪರಕೀಯರ ಭಾಷೆಯಲ್ಲಿ, ಕೈಕಾಲು ನಡುಗದೆ ಮಾತಾಡುವುದನ್ನು ಅವರು ಕಲಿತದ್ದು ಅಲ್ಲಿಯೇ ಎನ್ನಬೇಕು.

1921ರಲ್ಲಿ ಊರಿಗೆ ಮರಳಿದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಅದೇ ವರ್ಷ ಕಾಕಿನಾಡದ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅದನ್ನು ಕಟ್ಟಿದವರು ಹರ್ಡೀಕರರು. ಮುಂದಿನ ವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆದಾಗ ಸ್ವಯಂಸೇವಕರ ವ್ಯವಸ್ಥೆಯಲ್ಲಿ ಸೇವಾದಳದ ಕೈ ದೊಡ್ಡದು. ಆ ದಳದ ಮಹಿಳಾ ವಿಭಾಗ ನಡೆಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಮನೆಯ ಹೊಸಿಲು ದಾಟದ ಹೆಂಗಸರನ್ನು, ಅದರಲ್ಲೂ ವಿಧವೆಯರನ್ನು, ಅವರು ಕರೆದು ತಂದು ಸಾಲಿನಲ್ಲಿ ನಿಲ್ಲಿಸಿದರು. ಆ ಕಾಲದಲ್ಲಿ ಅದೇನು ಸಣ್ಣ ಮಾತೇ?

ಇಷ್ಟೆಲ್ಲ ಓಡಾಡಿದರೂ ಹರ್ಡೀಕರರು ಕಲಿತ ವಿದ್ಯೆಯನ್ನು ಮರೆಯಲಿಲ್ಲ. 1929ರಲ್ಲಿ ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಕಟ್ಟಲು ಮುಂದಾದರು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ "ಘಟಪ್ರಭಾ ದವಾಖಾನಿ" ಎಂದರೆ ಈಗಲೂ ಗೊತ್ತು. ಆ ದವಾಖಾನೆಯ ಬೇರು ಒಂದು ಕಡೆ ತರಗತಿಯಲ್ಲಿದೆ, ಇನ್ನೊಂದು ಕಡೆ ಸಭೆ-ಸಂಘದಲ್ಲಿದೆ. ಎರಡರಲ್ಲಿ ಯಾವುದನ್ನು ಕಡಿದರೂ ಗಿಡ ನಿಲ್ಲುತ್ತಿರಲಿಲ್ಲ.

"ಅವರು ಗಂಡಸರು, ಸ್ವಾತಂತ್ರ್ಯದ ಕಾಲದವರು, ನನ್ನ ಮಗಳಿಗೂ ಅವರಿಗೂ ಎಲ್ಲಿಂದೆಲ್ಲಿ?" ಎನ್ನುತ್ತೀರೇನೋ. ಹಾಗಾದರೆ ಅದೇ ಮಿಶಿಗನ್ನಿಗೆ ಹೋದ ಹೆಣ್ಣುಮಗಳೊಬ್ಬಳ ಕಥೆ ಕೇಳಿ.

1922ರಲ್ಲಿ ಹುಟ್ಟಿದ ರಾಜೇಶ್ವರಿ ನಂಜನಗೂಡಿನವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ, ಹಳೇ ಮೈಸೂರಿನ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರಿಗೂ ಗಂಡ ಬಿಟ್ಟ ಹೆಂಗಸರಿಗೂ ವಿದ್ಯೆ ಸಿಗಲಿ ಎಂದು ದುಡಿದವರು. ಮೊಮ್ಮಗಳು ಗಣಿತ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವಾದ 1947ರಲ್ಲಿ ಹಡಗು ಹತ್ತಿದರು. ಒಂಟಿ ಹುಡುಗಿ, ಇಪ್ಪತ್ತೈದರ ಪ್ರಾಯ. ಇಂದಿನ ಹಾಗೆ ವಿಡಿಯೋ ಕಾಲ್ ಇತ್ತೇ? ಕಾಗದ ಹೋಗಿ ಮರುಕಾಗದ ಬರುವುದರೊಳಗೆ ವಾರಗಳು ಕಳೆಯುತ್ತಿದ್ದವು. ಆ ಮನೆಯವರೂ ನಿಮ್ಮ ಹಾಗೆಯೇ ಎಷ್ಟು ರಾತ್ರಿ ನಿದ್ದೆಗೆಟ್ಟರೋ!

ಅಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ವಾಷಿಂಗ್ಟನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಎಂಟು ತಿಂಗಳು ತರಬೇತಿ ಪಡೆದರು. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಆ ವಿಶ್ವವಿದ್ಯಾಲಯದಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನ ದೊರಕಿಸಿಕೊಂಡು ಮತ್ತೆ ಓದಿ, 1953ರಲ್ಲಿ ಡಾಕ್ಟರೇಟ್ ಹಿಡಿದು ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ ಮೊದಲ ಮಹಿಳಾ ಇಂಜಿನಿಯರ್ ಆದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ ರಾಜೇಶ್ವರಿ ಚಟರ್ಜಿ ಎನಿಸಿಕೊಂಡರು. ರಡಾರಿಗೂ ವಿಮಾನಕ್ಕೂ ಬೇಕಾದ ಮೈಕ್ರೋವೇವ್ ವಿದ್ಯೆಯನ್ನು ತಲೆಮಾರಿನ ಹುಡುಗರಿಗೆ ಕಲಿಸಿದರು.

1982ರಲ್ಲಿ ನಿವೃತ್ತಿಯಾದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಮಹಿಳೆಯರ ಸ್ಥಿತಿಗತಿ ಅಭ್ಯಾಸ ಮಾಡುವ ಭಾರತೀಯ ಮಹಿಳಾ ಅಧ್ಯಯನ ಸಂಘದಲ್ಲಿ ದುಡಿದರು. 2010ರಲ್ಲಿ ತೀರಿಕೊಂಡರು. ಅಜ್ಜಿ ಹಚ್ಚಿದ ದೀಪ ಎಲ್ಲೆಲ್ಲಿ ಸುತ್ತಿ ಎಲ್ಲಿಗೆ ಬಂತು ನೋಡಿದಿರಾ?

ಇನ್ನು ನಿಮ್ಮ ಮಗಳ ವಿಷಯಕ್ಕೆ ಬರೋಣ. ಕಂಪ್ಯೂಟರ್ ವಿದ್ಯೆಗೂ ಊರಿನ ಮುದುಕರಿಗೂ ಏನು ಸಂಬಂಧ ಎಂದಿರಿ. ನಮ್ಮ ಮನೆಯ ಮಾತೇ ತೆಗೆದುಕೊಳ್ಳಿ. ಹಿಂದೆ ಪಹಣಿ ಬೇಕಾದರೆ ಊರ ಶಾನುಭೋಗರ ಕೈಬರಹವೇ ಗತಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಒಳ್ಳೆಯದೇ ಆಯಿತು. ಆದರೆ ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಎಷ್ಟು ಸಲ ತಾಲೂಕಿಗೆ ಅಲೆಯಬೇಕು ಎಂಬುದು ಅಲೆದವರಿಗೇ ಗೊತ್ತು. 2023ರಲ್ಲಿ ಗೃಹಲಕ್ಷ್ಮಿಯ ಅರ್ಜಿ ಹಾಕುವಾಗಲೂ ಹಾಗೆಯೇ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು ಹೆಸರು ಇದ್ದ ತಾಯಂದಿರು ಪಟ್ಟ ಪಾಡು ಕಂಡಿದ್ದೇವೆ. ಕಂಪ್ಯೂಟರಿಗೆ ಮುಖ ನೋಡಿ ಗುರುತು ಹಿಡಿಯುವ ಶಾನುಭೋಗರ ಕಣ್ಣಿಲ್ಲ. ಆ ಕಣ್ಣನ್ನು ಅದನ್ನು ಮಾಡುವವರೇ ಮೊದಲು ಪಡೆಯಬೇಕು. ನಡುಗುವ ಬೆರಳಿನ ಮುದುಕಿಯ ಪಕ್ಕ ಶನಿವಾರ ಶನಿವಾರ ಕೂತು, ಅವಳು ಎಲ್ಲಿ ತಪ್ಪುತ್ತಾಳೆ, ಯಾವ ಮಾತು ಅವಳಿಗೆ ತಿಳಿಯುವುದಿಲ್ಲ ಎಂದು ಕಂಡ ಹುಡುಗಿ ನಾಳೆ ಮಾಡುವ ಕೆಲಸವೇ ಬೇರೆ. ಇದು ಓದಿನ ಹೊರಗಿನದಲ್ಲ, ಓದಿನ ಒಳಗಿನದೇ.

ಬಸ್ಸಿನ ಮಾತು ಕೇಳಿ ಹೆದರಬೇಡಿ. ಅಮೆರಿಕಾದ ಬಹಳ ಊರುಗಳಲ್ಲಿ ನಗರಸಭೆ ಕೂಡಿದಾಗ ಜನರಿಗೂ ಮಾತಾಡಲು ಸಮಯ ಕೊಡುತ್ತಾರೆ. ಒಬ್ಬೊಬ್ಬರಿಗೆ ಎರಡು-ಮೂರು ನಿಮಿಷ. ಅದು ಗಲಾಟೆಯೂ ಅಲ್ಲ, ಗುಟ್ಟಿನದೂ ಅಲ್ಲ. ರಾತ್ರಿ ಪ್ರಯೋಗಾಲಯದಿಂದ ಕೋಣೆಗೆ ಮರಳುವ ನಿಮ್ಮ ಮಗಳಿಗೆ ಆ ಬಸ್ಸೇ ಆಧಾರ ಇದ್ದೀತು. ಅಂದಮೇಲೆ ಅದು ಪರಊರಿನ ಉಸಾಬರಿ ಹೇಗಾಯಿತು? ತನ್ನ ಸುರಕ್ಷತೆಯ ಮಾತನ್ನೇ ಆಡಿದ್ದಾಳೆ, ಜೊತೆಗೆ ಇನ್ನು ನಾಲ್ಕು ಜನರ ಪರವಾಗಿಯೂ ಆಡಿದ್ದಾಳೆ.

ಈಗ ಮೊದಲನೆಯ ಸಿಕ್ಕು. ನಿಮ್ಮ ಭಯದಲ್ಲಿ ಹುರುಳಿರುವುದು ಇಲ್ಲಿ. ಈ ಮಾತುಗಳನ್ನು ಮಗಳ ಹತ್ತಿರ ನಿಧಾನವಾಗಿ ಕೇಳಿ ತಿಳಿದುಕೊಳ್ಳಿ:

ಓದು ಮೊದಲು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪೂರ್ಣಾವಧಿಯ ಓದು ಬಿಡುವಂತಿಲ್ಲ. ಪರೀಕ್ಷೆಯ ವಾರಗಳಲ್ಲಿ ಸೇವೆಗೆ ರಜೆ ಹಾಕುತ್ತಾಳೆಯೇ ಎಂದು ಕೇಳಿ.

ಸೇವೆ ಬೇರೆ, ನೌಕರಿ ಬೇರೆ. ಕ್ಲಾಸುಗಳು ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಲೈಬ್ರರಿಯ ಸೇವೆ ಸಂಬಳವಿಲ್ಲದ್ದೇ ಇರಲಿ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರೂ ತಕರಾರು ಬಂದೀತು.

ಮತದಾನದ ಹತ್ತಿರ ಹೋಗಬಾರದು. ಅಲ್ಲಿನ ಪ್ರಜೆಯಲ್ಲದವರು ಮತಪಟ್ಟಿಗೆ ಹೆಸರು ಕೊಡುವುದು, ಮತ ಹಾಕುವುದು ದೊಡ್ಡ ಅಪರಾಧ, ದೇಶದಿಂದಲೇ ಹೊರಹಾಕಿಯಾರು. ಯಾರಾದರೂ ಬೀದಿಯಲ್ಲಿ ನಿಂತು "ಒಂದು ಸಹಿ ಹಾಕಮ್ಮ" ಎಂದರೆ ಕಾಗದ ಓದದೆ ಸಹಿ ಹಾಕಬಾರದು. ಚುನಾವಣೆಗೆ ನಿಂತವರಿಗೆ ದುಡ್ಡು ಕೊಡುವುದೂ ನಿಷಿದ್ಧ.

ಪ್ರತಿಭಟನೆಯ ವಿಷಯದಲ್ಲಿ ಎಚ್ಚರ. 2025ರಲ್ಲಿ ಕ್ಯಾಂಪಸ್ಸುಗಳ ಪ್ರತಿಭಟನೆಯಲ್ಲಿ ಭಾಗವಹಿಸಿದ ಕೆಲವು ಪರದೇಶದ ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಸರಿಯೋ ತಪ್ಪೋ ಎಂಬ ವಾದ ಬೇರೆ. ಸಾಲ ಹೊತ್ತ ಮನೆಯ ಮಗಳು ಹೆಜ್ಜೆ ಇಡುವ ಮೊದಲು, ವಿಶ್ವವಿದ್ಯಾಲಯದಲ್ಲಿ ಪರದೇಶದ ವಿದ್ಯಾರ್ಥಿಗಳಿಗೆಂದೇ ಇರುವ ಸಲಹೆಗಾರರನ್ನು ಕೇಳಿಕೊಳ್ಳುವುದು ಜಾಣತನ.

ಇವಿಷ್ಟಕ್ಕೂ ಮಗಳು ನೆಟ್ಟಗೆ ಉತ್ತರ ಕೊಟ್ಟಳೆಂದರೆ, ತಂಗೀ, "ಬ್ಯಾಡ" ಎನ್ನಬೇಡಿ. ಯಾಕೆಂದರೆ ಇನ್ನೊಂದು ಮಾತಿದೆ. ಆಕೆ ಇದನ್ನೆಲ್ಲ ನಿಮಗೆ ತಾನಾಗಿಯೇ ಹೇಳಿದ್ದಾಳೆ. ಮೈಕಿನಲ್ಲಿ ಮಾತಾಡಿದ ಸಂಭ್ರಮ ಅವ್ವನಿಗೆ ಹೇಳದೆ ಇರಲಾಗಲಿಲ್ಲ. ನೀವು ಈಗ ಸಿಡಿಮಿಡಿ ಮಾಡಿದರೆ ಅವಳು ಕೆಲಸ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾಳೆ. ಮುಂದಿನ ಆಯ್ತವಾರದಿಂದ "ಊಟ ಆಯ್ತಾ, ಆಯ್ತು, ಆರಾಮ ಅದೀನಿ" ಎಂಬ ಮೂರೇ ಮಾತಿನ ಫೋನು. ಅಷ್ಟು ದೂರದಲ್ಲಿ ಮಗಳಿಗೆ ನಿಜವಾಗಿ ಕಷ್ಟ ಬಂದ ದಿನ ನಿಮಗೆ ಗೊತ್ತೇ ಆಗದೆ ಹೋದರೆ? ವೀಸಾಕ್ಕಿಂತ ನಾನು ಹೆದರುವುದು ಇದಕ್ಕೆ.

ಆದ್ದರಿಂದ ಮುಂದಿನ ಸಲ ಫೋನ್ ಬಂದಾಗ ಮೊದಲ ಪ್ರಶ್ನೆ ಮಾರ್ಕ್ಸಿನದು ಬೇಡ. "ಆ ಬಸ್ಸಿಂದು ಏನಾಯ್ತವ್ವಾ?" ಎಂದು ಕೇಳಿ. ಆಮೇಲೆ ಓದು, ವೀಸಾ, ಸಾಲದ ಕಂತು, ಎಲ್ಲವೂ ತಾವಾಗಿಯೇ ಮಾತಿಗೆ ಬರುತ್ತವೆ. ಸಾಲದ ಲೆಕ್ಕವನ್ನೂ ಮುಚ್ಚಿಡಬೇಡಿ. ಎಷ್ಟಿದೆ, ಎಂದಿನಿಂದ ಕಟ್ಟಬೇಕು ಎಂದು ತಿಳಿದ ಮಕ್ಕಳು ತಮ್ಮ ಸಮಯವನ್ನು ತಾವೇ ಅಳೆದುಕೊಳ್ಳುತ್ತಾರೆ. ಇನ್ನು ಯಜಮಾನರಿಗೆ ಇಂದು ರಾತ್ರಿಯೇ ಹೇಳಿಬಿಡಿ. ಊಟಕ್ಕೆ ಬಡಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, "ನಿಮ್ಮ ಮಗಳು ಅಮೆರಿಕಾದ ಸಭಾದಾಗ ಮಾತಾಡ್ಯಾಳ" ಎಂದು ಶುರು ಮಾಡಿ. ಮೊದಲು ಹುಬ್ಬು ಗಂಟಿಕ್ಕಿಯಾರು. ಆಮೇಲೆ ಕಟ್ಟೆಯ ಮೇಲೆ ನಾಲ್ಕು ಜನರಿಗೆ ಹೇಳಿಕೊಳ್ಳುವವರು ಅವರೇ.

ಕೊನೆಗೊಂದು ಮಾತು, ನಿಂಬರ್ಗಾದ ತಂಗಿಗೆ ಮಾತ್ರವಲ್ಲ, ಎಲ್ಲ ಸೋದರಿಯರಿಗೂ. ಮಗಳು ಮೂರು ನಿಮಿಷ ಮಾತಾಡಲು ಸಮುದ್ರ ದಾಟಬೇಕಾಯಿತೇ? ನಮ್ಮಲ್ಲೂ ಗ್ರಾಮಸಭೆ ಉಂಟು. ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕೆಂದು ಕಾನೂನಿದೆ. ಮತಪಟ್ಟಿಯಲ್ಲಿ ಹೆಸರಿದ್ದ ಪ್ರತಿ ಹೆಂಗಸೂ ಅಲ್ಲಿ ಎದ್ದು ನಿಂತು ನೀರು, ಗಟಾರ, ಬೀದಿದೀಪದ ಮಾತು ಆಡಬಹುದು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೇ ಮೀಸಲು. ಇಷ್ಟಿದ್ದೂ ನಮ್ಮಲ್ಲಿ ಎಷ್ಟು ಜನ ಒಮ್ಮೆಯಾದರೂ ಆ ಸಭೆಗೆ ಹೋಗಿದ್ದೇವೆ? ಸಭೆಯ ದಿನ ಯಾವುದು ಎಂದಾದರೂ ಕೇಳಿದ್ದೇವೆಯೇ?

ಈ ಸಲ ಪಂಚಾಯತಿ ಆಫೀಸಿಗೆ ಹೋಗಿ ದಿನ ಕೇಳಿಕೊಂಡು ಬನ್ನಿ, ತಂಗೀ. ಓಣಿಯ ನಾಲ್ಕು ಹೆಂಗಸರನ್ನು ಜೊತೆಗೆ ಕರೆದುಕೊಳ್ಳಿ. ಒಂದೇ ವಿಷಯ ಹಿಡಿದು, ಒಂದೇ ಮಾತು ಆಡಿ. ಧ್ವನಿ ನಡುಗಿದರೆ ನಡುಗಲಿ, ಮಗಳದೂ ಮೊದಲ ಸಲ ನಡುಗಿರಬೇಕು. ಆ ಆಯ್ತವಾರದ ಫೋನಿನಲ್ಲಿ ಹೇಳಲು ನಿಮ್ಮ ಹತ್ತಿರವೂ ಒಂದು ಸುದ್ದಿ ಇರುತ್ತದೆ. ಏನಾಯಿತೆಂದು ನನಗೂ ಒಂದು ಕಾಗದ ಬರೆಯಿರಿ.

ನಿಮ್ಮ ಅಕ್ಕ