ಪೆನ್ಸಿಲ್ ಗುರುತು ಹಾಕಿದ ಜಾಗದಲ್ಲಿ ಸಹಿ

ಸಾಲಕ್ಕೆ ಜಾಮೀನು ನಿಲ್ಲುವವರು ಹೇಗೆ ಸಹಿ ಹಾಕುತ್ತಾರೆ ಅಂತ ಬ್ಯಾಂಕಿನವರನ್ನು ಕೇಳಿ. ನಾವು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಟ್ಟ ಕಡೆಯೆಲ್ಲ ಸಹಿ, ಅಷ್ಟೇ. ಓದುವವರು ಅಪರೂಪ. ವೈದ್ಯಕೀಯ ಸಂಶೋಧನೆಗೆ ರೋಗಿಗಳಿಂದ ಪಡೆಯುವ ಒಪ್ಪಿಗೆ ಪತ್ರದ ಕಥೆಯೂ ಹೆಚ್ಚುಕಡಿಮೆ ಇದೇ.

ನಾಗಪುರದ ಒಂದು ಸಂಸ್ಥೆಯ ಎಥಿಕ್ಸ್ ಕಮಿಟಿಯಲ್ಲಿ ನಾನು ಕೆಲವು ವರ್ಷಗಳಿಂದ ಸದಸ್ಯ. ಬಿ.ಕಾಂ. ಓದಿದವನಿಗೆ ಅಲ್ಲೇನು ಕೆಲಸ ಅಂತ ನಗಬೇಡಿ! 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟು ಮಂದಿ ಹೊರಗಿನವರು. ಒಬ್ಬ ವಕೀಲರು, ಒಬ್ಬ ಮಹಿಳೆ, ನನ್ನಂಥ ಒಬ್ಬ ಜನಸಾಮಾನ್ಯ ಇರಲೇಬೇಕು.

ಕಮಿಟಿ ಸುಮ್ಮನೆ ತಡಮಾಡುತ್ತದೆ ಅಂತ ಯುವ ಡಾಕ್ಟರುಗಳ ದೂರು. ಆದರೆ ಫೈಲ್ ವಾಪಸ್ ಹೋಗುವುದು ಸಾಮಾನ್ಯವಾಗಿ ವಿಜ್ಞಾನದ ತಪ್ಪಿಗಲ್ಲ, ಒಪ್ಪಿಗೆ ಪತ್ರ ಅರ್ಥವಾಗದ್ದಕ್ಕೆ. ನಾಗಪುರದ ಆಸ್ಪತ್ರೆಗಳಿಗೆ ಗಡಚಿರೋಲಿಯಿಂದ ಗೊಂಡಿ ಮಾತಾಡುವವರು, ಛಿಂದ್ವಾಡಾ, ಬಾಲಾಘಾಟ್‌ಗಳಿಂದ ಹಿಂದಿಯವರು ಬರುತ್ತಾರೆ. ಅವರ ಕೈಗೆ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಮರಾಠಿ ಕೊಟ್ಟರೆ ಏನು ಬಂತು?

ಇದು ಬರೀ ಭಾಷೆಯ ಚರ್ಚೆಯಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಕೆಲವು ಸಾವುಗಳ ಸುದ್ದಿ ಬಂದು 2010ರಲ್ಲಿ ಅದು ನಿಂತಿತು. ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಸಾಬೀತಾಗಲಿಲ್ಲ, ನಿಜ. ಆದರೆ 2013ರ ಸಂಸದೀಯ ಸಮಿತಿ ವರದಿಯಲ್ಲಿ ಇನ್ನೊಂದು ಸಂಗತಿ ಇದೆ: ಅಲ್ಲಿನ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ತಂದೆತಾಯಿಯರನ್ನು ಕೇಳಲೇ ಇಲ್ಲ! ಲಸಿಕೆ ಒಳ್ಳೆಯದೇ ಇರಬಹುದು, ಕೇಳದೆ ಕೊಡುವುದು ತಪ್ಪಲ್ಲವೇ?

ಹಾಗಂತ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಇದನ್ನು ಕೂರಿಸಿಕೊಂಡು ಹೇಳಿಕೊಡುವವರೇ ಇಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಮೂರು ದಾರಿಗಳಿವೆ: ಅಪಾಯವೇ ಇಲ್ಲದಂಥದ್ದಕ್ಕೆ ವಿನಾಯಿತಿ, ಅಲ್ಪ ಅಪಾಯದ್ದಕ್ಕೆ ಬೇಗನೆ ಪರಿಶೀಲನೆ, ಉಳಿದದ್ದಕ್ಕೆ ಪೂರ್ಣ ಸಭೆ. ಯಾವುದು ತನ್ನ ದಾರಿ ಅಂತ ಮೊದಲೇ ತಿಳಿದರೆ ಎಷ್ಟೋ ತಿಂಗಳು ಉಳಿಯುತ್ತದೆ.

ಆದ್ದರಿಂದ ನನ್ನ ವಾದ ಇಷ್ಟೇ. ಪ್ರತಿ ಸಂಸ್ಥೆಯಲ್ಲೂ ಅರ್ಜಿ ಹಾಕುವ ಮೊದಲೇ ನೆರವಾಗುವ ಒಬ್ಬ ವ್ಯಕ್ತಿ ಬೇಕು. ಆದರೆ ನೆರವಾದವನೇ ಆ ಅರ್ಜಿಯ ತೀರ್ಮಾನಕ್ಕೆ ಕೂರಬಾರದು. ಬ್ಯಾಂಕಿನಲ್ಲಿ ವೋಚರ್ ಬರೆದವನೇ ಪಾಸ್ ಮಾಡುವಂತಿಲ್ಲ, ಹಾಗೆಯೇ ಇದು. ಅವನು ಹೇಳಬೇಕಾದ ಮೊದಲ ಮಾತು: ಒಪ್ಪಿಗೆ ಪತ್ರವನ್ನು ಕೊನೆಗಲ್ಲ, ಮೊದಲು ಬರೆಯಿರಿ. ವಾರ್ಡಿನ ಆಯಾಗೆ ಓದಿ ಹೇಳಿ, ಆಕೆಗೆ ತಿಳಿದದ್ದನ್ನು ಆಕೆಯ ಬಾಯಲ್ಲೇ ಕೇಳಿ. ಆಗ ಎಲ್ಲಿ ಎಡವಿದ್ದೀರಿ ಅಂತ ತಾನೇ ಗೊತ್ತಾಗುತ್ತದೆ.

ನಿಮ್ಮ ಮನೆಯಲ್ಲಿ ಎಂ.ಡಿ., ಪಿಎಚ್.ಡಿ. ಮಾಡುವ ಮಕ್ಕಳಿದ್ದರೆ ಇದನ್ನೊಂದು ಹೇಳಿ. ಹಾಸಿಗೆ ಮೇಲಿರುವವನಿಗೆ ಪೆನ್ ಹಿಡಿದಾಗ ಕಾಡುವ ಪ್ರಶ್ನೆ ಒಂದೇ: "ಬೇಡ ಅಂದರೆ ನನ್ನ ಚಿಕಿತ್ಸೆ ನಿಲ್ಲಿಸ್ತಾರಾ?" ನಿಲ್ಲಿಸುವುದಿಲ್ಲ ಎಂಬ ಉತ್ತರ ಅವನ ಭಾಷೆಯಲ್ಲಿ, ಮೊದಲ ಪುಟದಲ್ಲೇ ಇರಲಿ.