ಮನೆಯ ಬೆಕ್ಕು, ಕಣಜದ ಇಲಿ ಮತ್ತು ಚಿಗಟದ ವಿಚಾರ

ಇಲಿಗಳಿಂದ ಧಾನ್ಯಕ್ಕೆ ಉಂಟಾಗುವ ನಷ್ಟವನ್ನು ಕುರಿತು ನಮ್ಮ ರೈತರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಆದರೆ ಇಲಿಯ ಮೈಮೇಲೆ ಕುಳಿತು ಕಣಜಕ್ಕೂ, ಅಲ್ಲಿಂದ ಬೆಕ್ಕುನಾಯಿಗಳ ಮೈಗೂ, ಕಡೆಗೆ ನಮ್ಮ ಹಾಸಿಗೆಗೂ ಬಂದು ಸೇರುವ ಚಿಗಟವೆಂಬ ಕ್ಷುದ್ರ ಜಂತುವಿನ ವಿಷಯದಲ್ಲಿ ನಾವು ಸಾಕಷ್ಟು ಲಕ್ಷ್ಯವಿಟ್ಟಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಬೆಳೆಯನ್ನು ನೋಡಬೇಕಾದ ಇನ್‌ಸ್ಪೆಕ್ಟರಿಗೆ ರೋಗದ ಗೊಡವೆ ಏಕೆಂದು ಕೆಲವರು ಕೇಳಬಹುದು. ಇಲಿಗೆ ವಿಷವಿಡುವ ಕ್ರಮವನ್ನು ಊರೂರಿಗೆ ಹೋಗಿ ಕಲಿಸತಕ್ಕವರು ನಾವೇ ಆಗಿರುವಲ್ಲಿ, ಆ ಕೆಲಸದ ಬೆನ್ನಹಿಂದೆ ಬರುವ ಅಪಾಯವನ್ನು ತಿಳಿಸಬೇಕಾದವರೂ ನಾವೇ ಅಲ್ಲವೆ?

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಗೆ ರಾಗಿಯ ಸಂಗ್ರಹವನ್ನು ನೋಡಲು ಹೋಗಿದ್ದೆನು. ಒಂದು ಮನೆಯಲ್ಲಿ ಎಂಟು ಹತ್ತು ವರ್ಷದ ಹುಡುಗನಿಗೆ ಕಂಕುಳಲ್ಲಿ ನಿಂಬೆಯ ಗಾತ್ರದ ಗಡ್ಡೆಯೆದ್ದು ಜ್ವರ ಬರುತ್ತಿತ್ತು. ಮನೆಯ ಅಜ್ಜಿ ಅದನ್ನು ನೋಡಿ, ತನ್ನ ಹಿರಿಯರು ಹೇಳುತ್ತಿದ್ದ ಮಾರಿಯೇ ಮರಳಿ ಬಂದಿತೆಂದು ಅಳುತ್ತಿದ್ದಳು. ಆಸ್ಪತ್ರೆಗೆ ಕಳುಹಿಸಿದ ಮೇಲೆ ಅದು ಪ್ಲೇಗಲ್ಲ, ಬೆಕ್ಕಿನ ಮರಿ ಪರಚಿದ್ದರಿಂದ ಬಂದ ಬೇನೆಯೆಂದು ತಿಳಿಯಿತು. ಹುಡುಗನು ಗುಣವಾದನು. ಆದರೆ ಅಜ್ಜಿಯ ಭಯವನ್ನು ಕೇವಲ ಮೂಢತನವೆಂದು ನಗುವುದಕ್ಕೆ ನನಗೆ ಮನಸ್ಸು ಬರಲಿಲ್ಲ; ಏಕೆಂದರೆ ಎರಡು ಬೇನೆಗಳ ನಡುವೆಯೂ ಚಿಗಟವೇ ಇರುವುದು.

ಪ್ಲೇಗು 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡು, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂದಿತು. ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿಕೊಂಡದ್ದು ಆ ಸಂಕಟದ ಕಾಲದಲ್ಲಿ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬುದನ್ನು ನಮ್ಮ ಹಿರಿಯರು ಅನುಭವದಿಂದಲೇ ಕಲಿತಿದ್ದರು. ಅದೇ 1898ರಲ್ಲಿ ಕರಾಚಿಯಲ್ಲಿ ಸಿಮೋ ಎಂಬ ಫ್ರೆಂಚ್ ವೈದ್ಯರು, ರೋಗದ ಇಲಿಯನ್ನೂ ಆರೋಗ್ಯದ ಇಲಿಯನ್ನೂ ಒಂದನ್ನೊಂದು ಮುಟ್ಟಲಾಗದಂತೆ ಇರಿಸಿ, ಚಿಗಟವೊಂದೇ ಹಾರಿ ಹೋಗಿ ರೋಗವನ್ನು ದಾಟಿಸುವುದೆಂದು ತೋರಿಸಿದರು. ವಿದ್ವಾಂಸರು ಕೆಲವು ವರ್ಷ ಅದನ್ನು ನಂಬಲಿಲ್ಲ. ರೋಗವು ಇಂದಿಗೂ ಭೂಮಿಯಿಂದ ಅಳಿದುಹೋಗಿಲ್ಲ. 1994ರಲ್ಲಿ ಸೂರತ್ತಿನಲ್ಲಿಯೂ ಬೀಡ್ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡದ್ದನ್ನು ನಮ್ಮಲ್ಲನೇಕರು ಮರೆತಿಲ್ಲ.

ಚಿಗಟವು ರೋಗವನ್ನು ದಾಟಿಸುವ ಬಗೆಯು ಒಂದೇ ಅಲ್ಲ. ಪ್ಲೇಗಿನ ಕ್ರಿಮಿಗಳು ಚಿಗಟದ ಗಂಟಲಿನ ಬಳಿ ಬೆಳೆದು ದಾರಿಯನ್ನು ಕಟ್ಟಿಬಿಡುತ್ತವೆ. ಹೀರಿದ ರಕ್ತವು ಹೊಟ್ಟೆಗೆ ಇಳಿಯದೆ, ಹಸಿದ ಚಿಗಟವು ಮತ್ತೆ ಮತ್ತೆ ಕಚ್ಚಿ, ಕಚ್ಚಿದಾಗಲೆಲ್ಲ ಕ್ರಿಮಿಗಳನ್ನು ಗಾಯಕ್ಕೆ ಉಗುಳುತ್ತದೆ. ಇಲಿಚಿಗಟದ ಟೈಫಸ್ ಜ್ವರವು ಹಾಗಲ್ಲ. ಅದರ ಕ್ರಿಮಿಯು ಚಿಗಟದ ಹಿಕ್ಕೆಯಲ್ಲಿರುವುದು. ಕಚ್ಚಿದ ಕಡೆ ನಾವೇ ಕೆರೆದುಕೊಂಡು ಅದನ್ನು ಮೈಯೊಳಕ್ಕೆ ಸೇರಿಸಿಕೊಳ್ಳುತ್ತೇವೆ. ಬೆಕ್ಕು ಪರಚಿದ ಜ್ವರಕ್ಕೆ ಕಾರಣವಾದ ಬಾರ್ಟೊನೆಲ್ಲಾ ಕ್ರಿಮಿಯೂ ಹಿಕ್ಕೆಯಲ್ಲಿಯೇ ಇದ್ದು, ಬೆಕ್ಕು ತನ್ನ ಮೈಯನ್ನು ಕೆರೆದಾಗ ಉಗುರಿನ ಸಂದಿಗೆ ಸೇರಿ, ಮಗುವನ್ನು ಪರಚಿದಾಗ ಒಳಕ್ಕೆ ಹೋಗುತ್ತದೆ. ವಿಶೇಷವೇನೆಂದರೆ, ಈ ಕ್ರಿಮಿಯನ್ನು ಹೊತ್ತ ಬೆಕ್ಕು ಸಾಮಾನ್ಯವಾಗಿ ಕಾಯಿಲೆಯ ಲಕ್ಷಣವನ್ನೇ ತೋರಿಸದೆ ಒಲೆಯ ಮುಂದೆ ಸುಖವಾಗಿ ಮಲಗಿರುತ್ತದೆ. ಪ್ಲೇಗಿನಲ್ಲಿ ಮಾತ್ರ ರೋಗದ ಇಲಿಯನ್ನು ತಿಂದ ಬೆಕ್ಕು ತಾನೂ ಬೀಳುತ್ತದೆ, ಯಜಮಾನನಿಗೂ ಅಂಟಿಸಬಲ್ಲದು. 2024ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಒಬ್ಬರಿಗೆ ಸಾಕಿದ ಬೆಕ್ಕಿನಿಂದಲೇ ಪ್ಲೇಗು ಬಂದಿರಬೇಕೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ತಿಳಿಸಿದರು. ನಾಯಿಗಳು ಈ ರೋಗವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೆ ಚಿಗಟವನ್ನು ಮನೆಗೆ ತರುವುದಕ್ಕೆ ಅವಕ್ಕೆ ಅಡ್ಡಿಯಿಲ್ಲ. (ಮಲೆನಾಡಿನ ವಾಚಕರು ಚಿಗಟವನ್ನೂ ಉಣುಗನ್ನೂ ಒಂದೆಂದು ಭಾವಿಸಬಾರದು. ಕ್ಯಾಸನೂರು ಕಾಡಿನ ಕಾಯಿಲೆಯು ಉಣುಗಿನಿಂದ ಬರುವುದು, ಅದರ ಮಾತೇ ಬೇರೆ.)

ಇನ್ನು ನಮ್ಮ ಇಲಿ ಸಂಹಾರದ ವಿಷಯ. ನಾನು ಕಂಡ ಹಲವು ಊರುಗಳಲ್ಲಿ ಕೆಲಸದ ಯೋಗ್ಯತೆಯನ್ನು ಸತ್ತ ಇಲಿಗಳ ಲೆಕ್ಕದಿಂದ ಅಳೆಯುತ್ತಾರೆ. ವಿಷ ತಿಂದ ಇಲಿಯು ಅಟ್ಟದ ಮೂಲೆಯಲ್ಲಿ ಸತ್ತು ತಣ್ಣಗಾದ ಕೂಡಲೆ ಅದರ ಮೈಮೇಲಿನ ಚಿಗಟಗಳು ಕೆಳಗಿಳಿದು ಹತ್ತಿರವಿರುವ ಬಿಸಿರಕ್ತದ ಪ್ರಾಣಿಯನ್ನು ಹುಡುಕುತ್ತವೆ. ಆ ಪ್ರಾಣಿಯು ಬೆಕ್ಕಾಗಬಹುದು, ಕಣಜದ ಪಕ್ಕದಲ್ಲಿ ಮಲಗಿದ ಕೂಲಿಯಾಳೂ ಆಗಬಹುದು. ಆದುದರಿಂದ ರೋಗದ ಸಂಶಯವಿರುವ ಕಡೆ ಮೊದಲು ಬಿಲದ ಬಾಯಿಗೂ ಇಲಿ ಓಡಾಡುವ ಜಾಡಿಗೂ ಕೀಟನಾಶಕದ ಪುಡಿಯನ್ನು ಹಾಕಿ ಚಿಗಟವನ್ನು ಕೊಲ್ಲತಕ್ಕದ್ದು, ಅನಂತರವೇ ಇಲಿಗೆ ವಿಷವಿಡತಕ್ಕದ್ದು. ಪ್ಲೇಗಿನ ಕೆಲಸದವರಿಗೆ ಇದು ಹಳೆಯ ಪಾಠ. ಬೇಸಾಯದವರಾದ ನಾವು ಮಾತ್ರ ಕಲಿತಂತೆ ಕಾಣುವುದಿಲ್ಲ. ಕೋಲಾರದ ಗಡಿಯಲ್ಲಿ, ಆಂಧ್ರ ತಮಿಳುನಾಡುಗಳು ಕೂಡುವ ಸೀಮೆಯಲ್ಲಿ, ಹೊಲದ ಬಿಲಗಳಲ್ಲಿ ವಾಸಿಸುವ ಜರ್ಬಿಲ್ ಜಾತಿಯ ಇಲಿಗಳಲ್ಲಿ ಪ್ಲೇಗು ನೆಲೆಸಿದ್ದುದು ತಿಳಿದ ಸಂಗತಿ. ಅಂತಹ ಕಡೆಗಳಲ್ಲಿ ಈ ಕ್ರಮವನ್ನು ತಪ್ಪಿಸುವುದು ಅವಿವೇಕವೆಂದೇ ನನ್ನ ಮತ.

ತೊಡಕೊಂದಿದೆ. ಇಲಿಯು ಬೇಸಾಯದವರ ಪಾಲು, ಬೆಕ್ಕು ಪಶುವೈದ್ಯರ ಪಾಲು, ಜ್ವರವು ಆರೋಗ್ಯ ಇಲಾಖೆಯವರ ಪಾಲು. ಚಿಗಟವು ಮಾತ್ರ ಯಾರ ಪಾಲಿಗೂ ಸೇರದೆ ಮೂವರ ಕಡತಗಳ ನಡುವೆ ಹಾರಾಡಿಕೊಂಡಿದೆ. ಇಲಿಗೆ ವಿಷವಿಡುವ ದಿನವನ್ನು ಮೊದಲೇ ಮೂವರಿಗೂ ತಿಳಿಸಿ, ಆ ವಾರದಲ್ಲಿಯೇ ಊರಿನ ಬೆಕ್ಕುನಾಯಿಗಳಿಗೂ ಚಿಗಟದ ಔಷಧವನ್ನು ಹಾಕಿಸುವ ಏರ್ಪಾಡಾಗಬೇಕು. ಇದಕ್ಕೆ ಹೊಸ ಹಣಕ್ಕಿಂತ ಒಂದು ಸುತ್ತೋಲೆಯೇ ಹೆಚ್ಚು ಅವಶ್ಯಕ.

ಅಲ್ಲಿಯವರೆಗೆ ಗೃಹಸ್ಥರು ಮಾಡತಕ್ಕದ್ದೂ ಕೊಂಚ ಉಂಟು. ಬೆಕ್ಕಿನ ಮೈಮೇಲೆ ಕಾಣುವ ಚಿಗಟವು ಸ್ವಲ್ಪ ಭಾಗವೇ. ಮೊಟ್ಟೆಗಳು ಕೆಳಗುದುರಿ, ಮರಿಹುಳುಗಳು ನೆಲದ ಬಿರುಕಿನಲ್ಲಿಯೂ ಹಳೆಯ ಗೋಣಿಯ ಮಡಿಕೆಯಲ್ಲಿಯೂ ಬೆಳೆಯುತ್ತವೆ. ಗೂಡಿನೊಳಗಿನ ಚಿಗಟವು ತಿಂಗಳುಗಟ್ಟಲೆ ಕಾದಿದ್ದು, ಹೆಜ್ಜೆಯ ಅದುರು ತಗುಲಿದಾಗ ಹೊರಬೀಳುತ್ತದೆ. ಬೀಗ ಹಾಕಿದ್ದ ಮನೆಗೆ ಕಾಲಿಟ್ಟೊಡನೆ ಚಿಗಟ ಮುತ್ತುವುದು ಇದರಿಂದಲೇ. ಆದಕಾರಣ ಬೆಕ್ಕಿಗೆ ಔಷಧ ಹಾಕಿ ಅದು ಮಲಗುವ ಗೋಣಿಯನ್ನು ಹಾಗೆಯೇ ಬಿಟ್ಟರೆ ಫಲವಿಲ್ಲ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು, ಬಿರುಕುಗಳನ್ನು ಗುಡಿಸಿ ಮೆತ್ತಬೇಕು. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಎಂದಿಗೂ ಹಾಕಕೂಡದು, ಬೆಕ್ಕು ಸಾಯುವುದುಂಟು. ಪರಚಿದ ಗಾಯವನ್ನು ಕೂಡಲೆ ಸೋಪು ನೀರಿನಿಂದ ತೊಳೆಯಬೇಕು. ಜ್ವರವೂ ಗಡ್ಡೆಯೂ ಕಂಡರೆ, ಮನೆಯಲ್ಲಿ ಬೆಕ್ಕಿದೆ, ಚಿಗಟವಿದೆ, ಇಲಿ ಬಿದ್ದಿದೆ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳತಕ್ಕದ್ದು. ಕಾಲಕ್ಕೆ ಸರಿಯಾಗಿ ಗೊತ್ತಾದರೆ ಪ್ಲೇಗಿಗೂ ಟೈಫಸ್ಸಿಗೂ ಈಗ ಒಳ್ಳೆಯ ಔಷಧಗಳಿವೆ. ಕಾರಣವಿಲ್ಲದೆ ಸಾಲಾಗಿ ಇಲಿಗಳು ಸತ್ತು ಬೀಳುತ್ತಿದ್ದರೆ ಬರಿಗೈಯಿಂದ ಮುಟ್ಟದೆ, ಬೆಕ್ಕನ್ನು ಕಟ್ಟಿಹಾಕಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು.