‘ಸುಸ್ಥಿತಿ’ ಎಂಬ ಪದದ ಬೆಲೆ

ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮೇಲೆ, ನನಗೇ ಒಂದು ಪದದ ಅರ್ಥವನ್ನು ಹೊಸದಾಗಿ ಕಲಿಯಬೇಕಾಗಿ ಬಂದೀತೆಂದು ಎಣಿಸಿರಲಿಲ್ಲ. ಆ ಪದ ‘ಸುಸ್ಥಿತಿ’. ಹಳೆಯ ಗಾಡಿಗಳನ್ನು ಮಾರುವವರ ಬಾಯಲ್ಲಿ ಅದು ‘ಕಂಡೀಷನ್’. “ಗಾಡಿ ಫುಲ್ ಕಂಡೀಷನ್ ಅದರಿ ಸರ” ಎಂಬ ಮಾತನ್ನು ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಈ ವಯಸ್ಸಿನಲ್ಲಿ ಹಳೆಯ ಮೆಟಡೋರ್ ವ್ಯಾನಿನ ಹುಚ್ಚು ಮಾಸ್ತರರಿಗೇಕೆ ಹತ್ತಿತು ಎಂದು ಓದುಗ ಮಿತ್ರರು ಕೇಳಬಹುದು. ಕಾರಣ ಬಹಳ ಸರಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಮನೆಯಾಕೆಗೆ ಬಸ್ಸಿನ ಟಿಕೀಟಿನ ಚಿಂತೆ ಇಲ್ಲ. ಇರುವ ಚಿಂತೆ ಬಸ್ಸಿನ ಮೆಟ್ಟಿಲಿನದು. ಆಕೆಯ ಮೊಣಕಾಲು ಈಗ ಅಷ್ಟು ಎತ್ತರ ಏರುವುದಿಲ್ಲ. ನಮಗೆ ಕಾಶಿ, ರಾಮೇಶ್ವರದ ಆಸೆಯೂ ಇಲ್ಲ. ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ಸೂರ್ಯೋದಯದ ಹೊತ್ತಿಗೆ ನೋಡಬೇಕು. ತಿಂಥಣಿಯಲ್ಲಿ ಮೌನೇಶ್ವರನ ದರ್ಶನ ಮುಗಿಸಿ ಕೃಷ್ಣೆಯ ದಂಡೆಯಲ್ಲಿ ಒಂದು ರಾತ್ರಿ ಇರಬೇಕು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದರೆ ಬಸ್ಸಿಗಾಗಿ ಓಡದೆ ನಿಧಾನವಾಗಿ ತಿರುಗಾಡಬೇಕು. ಬಸ್ಸು ಊರು ಮುಟ್ಟಿಸುತ್ತದೆ ಹೊರತು ಮಲಗುವವರಿಗಾಗಿ ಕಾಯುವುದಿಲ್ಲ. ಹಿಂದೆ ಉದ್ದ ಹಲಗೆ ಹಾಕಿದರೆ ಇಬ್ಬರು ಮಲಗಬಹುದಾದ, ಒಂದು ಸ್ಟೋವು, ಒಂದು ಕೊಡ ನೀರು, ರೊಟ್ಟಿಯ ಗಂಟು ಹಿಡಿಸುವ ವ್ಯಾನು ನಮಗೆ ಬೇಕಾಗಿತ್ತು.

ಗಾಲಿಯ ಮೇಲಿನ ಮನೆ ಎಂದೊಡನೆ ಅದು ಪರದೇಶದವರ ಷೋಕಿ ಎಂದು ನಗುವವರಿದ್ದಾರೆ. ನನ್ನ ಬಾಲ್ಯದಲ್ಲಿ ನಮ್ಮಪ್ಪ ಸವಾರಿ ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹರವುತ್ತಿದ್ದ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯೊಡನೆ ಮೂರು ದಿನ ಜಾತ್ರೆಯಲ್ಲಿ ಆ ಬಂಡಿಯೇ ನಮ್ಮ ಮನೆ. ಹೆಂಗಸರು ಮಕ್ಕಳು ಒಳಗೆ, ಗಂಡಸರು ಬಂಡಿಯ ಕೆಳಗೆ. ಅದಕ್ಕೂ ಹಿಂದೆ, 1841ರಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಸಾಹೇಬರಂಥ ಅಧಿಕಾರಿಗಳು ಡೇರೆಗಳೊಡನೆಯೇ ಪ್ರಾಂತ ಸುತ್ತುತ್ತಿದ್ದರು. ಆದ್ದರಿಂದ ಈ ಆಸೆ ನಮಗೆ ಹೊಸದಲ್ಲ. ಎತ್ತಿನ ಜಾಗದಲ್ಲಿ ಎಂಜಿನ್ ಬಂದಿದೆ, ಅಷ್ಟೇ.

ಮೆಟಡೋರನ್ನೇ ಏಕೆ ಹುಡುಕಿದೆನೆಂದರೆ, ನಮ್ಮ ತಲೆಮಾರಿನವರಿಗೆ ವ್ಯಾನು ಎಂದರೆ ಅದೇ. ಪುಣೆಯ ಬಜಾಜ್ ಟೆಂಪೋ ಕಂಪನಿ ಜರ್ಮನ್ ವಿನ್ಯಾಸವನ್ನು ತಂದು 1969ರಿಂದ ಇದನ್ನು ತಯಾರಿಸಿತು. 2005ರಲ್ಲಿ ಆ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಎಂದಾಯಿತು. ಶಾಲೆಯ ಪ್ರವಾಸ, ಮದುವೆಯ ದಿಬ್ಬಣ, ನಾಟಕ ಮಂಡಳಿಯ ಸಾಮಾನು, ಆಸ್ಪತ್ರೆಗೆ ಒಯ್ಯಬೇಕಾದ ಬಾಣಂತಿ, ಎಲ್ಲವನ್ನೂ ಹೊತ್ತ ಗಾಡಿ ಅದು. ಬೇರೆ ಯಾವ ಕಂಪನಿಯ ವ್ಯಾನು ಬಂದರೂ ನಮ್ಮ ಜನ ಅದನ್ನು ಮೆಟಡೋರ್ ಎಂದೇ ಕರೆದರು.

ಮೊದಲ ಗಾಡಿ ಸಿಕ್ಕದ್ದು ಶಹಾಪುರದ ಕಡೆ. ಭೀಮಾ ಸೇತುವೆ ದಾಟಿ, ಮಲಗಿದ ಬುದ್ಧನ ಬೆಟ್ಟವನ್ನು ನೋಡುತ್ತ, ಶುಭಶಕುನವೆಂದೇ ಭಾವಿಸಿ ಹೋದೆ. ವ್ಯಾನು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಹೊಸ ಬಣ್ಣ, ಹೊಸ ಸೀಟುಬಟ್ಟೆ, ಕಿಟಕಿಗೆ ಪರದೆ. ನಾವು ಮುಟ್ಟುವ ಮೊದಲೇ ಎಂಜಿನ್ ಬೆಚ್ಚಗಿತ್ತು. ‘ನಿಮಗಾಗಿ ಈಗ ಚಾಲೂ ಮಾಡಿ ಇಟ್ಟೀನ್ರಿ’ ಎಂದ ಮಾರುವವನ ಮಾತನ್ನು ಸೌಜನ್ಯವೆಂದು ತಿಳಿದ ನನ್ನ ಬುದ್ಧಿಗೆ ಏನೆನ್ನಲಿ! ಹದಿನೈದು ಸಾವಿರ ರೂಪಾಯಿ ಮುಂಗಡ ಕೊಟ್ಟು ಬಂದೆ. ವಾರದ ನಂತರ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಆತ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ವ್ಯಾನಿನ ಮೈಮೇಲೆ ಎಳೆಯುತ್ತ ಹೋದ. ಬಾಗಿಲ ಕೆಳಗೆ, ಗಾಲಿಯ ಕಮಾನಿನ ಮೇಲೆ ಅದು ಅಂಟಲೇ ಇಲ್ಲ. ಅಲ್ಲಿ ತಗಡೇ ಇರಲಿಲ್ಲ. ಪುಟ್ಟಿ ಮೆತ್ತಿ ಬಣ್ಣ ಬಳಿಯಲಾಗಿತ್ತು. ಕಾಲಡಿಯ ರಬ್ಬರು ಚಾಪೆ ಎತ್ತಿದರೆ ನೆಲ ಕಾಣುತ್ತಿತ್ತು. ಮುಂಗಡ ಮರಳಿ ಬರಲಿಲ್ಲ.

ಮನೆಗೆ ಬಂದು ಹೇಳಿದಾಗ ಮನೆಯಾಕೆ ಬೈಯಲಿಲ್ಲ. “ನಾ ಮಲಗಲಾಕ ಜಾಗಾ ಕೇಳೀನಿ, ಮೆರವಣಿಗಿ ಕೇಳಿಲ್ರೀ” ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಶಾಲೆಯ ತಪಾಸಣೆಯ ದಿನಗಳು. ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದರೆ ಹಿಂದಿನ ವಾರ ಗೋಡೆಗೆ ಸುಣ್ಣ ಬೀಳುತ್ತಿತ್ತು, ಪಟ್ಟಿಗಳಿಗೆ ರಟ್ಟು ಬೀಳುತ್ತಿತ್ತು, ಓದಲು ಬರುವ ನಾಲ್ಕು ಹುಡುಗರು ಮುಂದಿನ ಸಾಲಿಗೆ ಬರುತ್ತಿದ್ದರು. ಅದರಲ್ಲಿ ನಾನೂ ಪಾಲುಗಾರ. ಶಾಲೆ ‘ಸುಸ್ಥಿತಿಯಲ್ಲಿದೆ’ ಎಂಬ ವರದಿ ಬರುತ್ತಿತ್ತು. ಮಳೆಗಾಲದಲ್ಲಿ ಮೂರನೆಯ ಇಯತ್ತೆಯ ಕೋಣೆ ಸೋರುವುದು ನಮಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿತ್ತು, ವರದಿಗೆ ಗೊತ್ತಿರಲಿಲ್ಲ. ಶಹಾಪುರದ ಆ ವ್ಯಾಪಾರಿ ನನಗೆ ಮಾಡಿದ್ದನ್ನು ನಾವು ಇಲಾಖೆಗೆ ವರ್ಷವರ್ಷವೂ ಮಾಡಿದ್ದೆವು.

ಎರಡನೆಯ ಗಾಡಿ ಸುರಪುರದ್ದು. ಬಿಳಿ ಹಲಗೆಯ ಖಾಸಗಿ ವಾಹನ, ಒಂದೇ ಮನೆತನದಲ್ಲಿ ಇದ್ದದ್ದು. ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು, ಸೀಟು ಹರಿದಿತ್ತು. ಅದನ್ನು ವರ್ಷಗಳಿಂದ ನೋಡಿಕೊಂಡ ಅಲ್ಲಿನ ಮುದುಕ ಮೇಸ್ತ್ರಿ, ಕೊಳ್ಳಲು ಬಂದವನ ಮುಂದೆ ಮೊದಲು ದೋಷಗಳನ್ನೇ ಹೇಳಿದ: “ಎಡಗಡಿ ಬಾಗಿಲ ಕೆಳಗ ತುಕ್ಕು ಹಿಡದದ. ಥಂಡಿ ಇದ್ದಾಗ ಎರಡನೇ ಗೇರು ಕಿರಿಕಿರಿ ಮಾಡ್ತದ. ಸ್ಟೇರಿಂಗು ಸ್ವಲ್ಪ ಆಟ ಅದ. ಉಳದದ್ದಕ್ಕ ನಾ ಜವಾಬ್ದಾರ ಅದೀನ್ರಿ ಸರ.” ನನಗೆ ಅಂದು ‘ಸುಸ್ಥಿತಿ’ಯ ಅರ್ಥ ತಿಳಿಯಿತು. ದೋಷವಿಲ್ಲದ ಹಳೆಯ ಗಾಡಿ ಇಲ್ಲ. ದೋಷಗಳೆಲ್ಲ ಗೊತ್ತಿರುವ, ಹೇಳಲ್ಪಟ್ಟಿರುವ ಗಾಡಿಯೇ ಸುಸ್ಥಿತಿಯ ಗಾಡಿ.

ಆತನಿಂದ ಕಲಿತದ್ದನ್ನು ನನ್ನಂಥವರ ಉಪಯೋಗಕ್ಕಾಗಿ ಹೇಳುತ್ತೇನೆ. ಎಂಜಿನ್ ತಣ್ಣಗಿರುವಾಗಲೇ, ಬೆಳಿಗ್ಗೆ ಹೋಗಿ ನೋಡಬೇಕು. ತಣ್ಣಗಿದ್ದಾಗ ಚಾಲೂ ಆಗುವ ಬಗೆಯಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನಮ್ಮ ಎರೆಮಣ್ಣು ಗಾಲಿಯ ಕಮಾನಿನೊಳಗೆ ಮೆತ್ತಿಕೊಂಡು ಮಳೆಗಾಲವೆಲ್ಲ ತೇವ ಹಿಡಿದಿರುತ್ತದೆ. ತುಕ್ಕು ಹುಟ್ಟುವುದು ಅಲ್ಲಿ, ಆದ್ದರಿಂದ ಕೆಳಗೆ ಮಲಗಿ ನೋಡಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ ಅದು 2014ನೆಯ ಇಸವಿಯ 23ನೆಯ ವಾರದ ಟೈರು. ಪಡಿ ಎಷ್ಟೇ ಉಳಿದಿರಲಿ, ಅದು ಮುದಿ ಟೈರು. ಚಾಸಿಯ ಮೇಲೆ ಕೊರೆದ ನಂಬರು ಆರ್.ಸಿ.ಯಲ್ಲಿರುವ ನಂಬರಿಗೆ ಹೊಂದಲೇಬೇಕು.

ತಗಡಿನಷ್ಟೇ ಕಾಗದವೂ ಮುಖ್ಯ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ; ಬಳಿಕ ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. ಹಳದಿ ಹಲಗೆಯ ಗಾಡಿಯಾದರೆ ಎಫ್.ಸಿ., ಪರ್ಮಿಟ್ಟುಗಳ ಗೋಜು ಬೇರೆ. ಹಣ ಕೊಟ್ಟ ಮೇಲೆ ಮೂವತ್ತು ದಿನಗಳಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇದು ಮಾರುವವನ ಹಿತಕ್ಕೂ ಅಗತ್ಯ. ಗಾಡಿ ಕೈಬದಲಾದರೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇನ್ನು ‘ವಿಂಟೇಜ್’ ಎಂಬ ಹೊಳೆಯುವ ಮಾತು. ಮೂವತ್ತು ವರ್ಷದ ಗಾಡಿಗೂ ಈ ಹೆಸರಿಟ್ಟು ಬೆಲೆ ಏರಿಸುವುದನ್ನು ಕಂಡಿದ್ದೇನೆ. 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಕಾಪಾಡಿಕೊಂಡ ವಾಹನ ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದರೆ ಅದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ, ಇಂಧನ ತುಂಬಿಸಲು ರಸ್ತೆಗೆ ತರಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಅಂದರೆ ಕಾನೂನಿನ ಕಣ್ಣಿನ ವಿಂಟೇಜ್ ವ್ಯಾನಿನಲ್ಲಿ ಬೇಕೆಂದಾಗ ಬೋನಾಳಕ್ಕೆ ಹೋಗಿ ಮಲಗುವಂತಿಲ್ಲ! ಸಂಗ್ರಹಿಸುವವರಿಗೆ ಆ ದಾರಿ ಸರಿ. ತಿರುಗಾಡುವವರಿಗೆ ಬೇಕಾದದ್ದು ಸಾಧಾರಣ ನೋಂದಣಿ ಜೀವಂತವಾಗಿರುವ ಸಾಧಾರಣ ಹಳೆಯ ಗಾಡಿ.

ಒಳಗಿನ ಬದಲಾವಣೆಗೂ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಮೇಲ್ಛಾವಣಿ ಕತ್ತರಿಸಿ ಎತ್ತರಿಸಬೇಕು, ಅಡುಗೆ ಕಟ್ಟೆ ಬೆಸುಗೆ ಹಾಕಿಸಬೇಕು ಎಂಬ ನನ್ನ ಯೋಜನೆಗಳನ್ನು ಇದಕ್ಕಾಗಿ ಬಿಟ್ಟೆ. ಜರ್ಮನಿಯಲ್ಲಿ 1950ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನು ಬಂದ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದಕ್ಕೊಂದು ‘ಕ್ಯಾಂಪಿಂಗ್ ಪೆಟ್ಟಿಗೆ’ ಮಾಡಿತ್ತು. ವಾರವೆಲ್ಲ ಕೆಲಸದ ಗಾಡಿ, ರಜೆ ಬಂದರೆ ಪೆಟ್ಟಿಗೆ ಇಟ್ಟು ಮನೆ; ಮುಗಿದ ಮೇಲೆ ಎತ್ತಿ ಹೊರಗಿಡುವುದು. ನಮ್ಮ ಸವಾರಿ ಬಂಡಿಯೂ ಇದನ್ನೇ ಮಾಡುತ್ತಿತ್ತಲ್ಲ! ಕಮಾನು ಬಿಚ್ಚಿದರೆ ಮಾರನೆಯ ದಿನ ಅದೇ ಬಂಡಿ ಗೊಬ್ಬರ ಹೇರುತ್ತಿತ್ತು. ನಾನೂ ಬಡಗಿಯಿಂದ ಎತ್ತಿಡಬಹುದಾದ ಎರಡು ಹಲಗೆಯ ಪೆಟ್ಟಿಗೆ ಮಾಡಿಸಿದೆ. ಅವೇ ಹಾಸಿಗೆ, ಅವೇ ಪಾತ್ರೆಯ ಕಪಾಟು. ಇಳಿದು ಏರಲು ಆಕೆಗೊಂದು ಮಣೆ.

ಸಾಲ ಮಾಡಿ ಹೊಸದನ್ನೇ ಕೊಳ್ಳಿರೆಂದು ಮಗ ಹೇಳಿದ. ಅವನ ಮಾತಿನಲ್ಲಿ ಹುರುಳಿದೆ: ಹಳೆಯ ಗಾಡಿಗೆ ಬಿಡಿಭಾಗ ಸಿಗುವುದು ಕಷ್ಟ, ಹೊಗೆ ಹೆಚ್ಚು, ಹೊಸ ಗಾಡಿಗಳ ಸುರಕ್ಷತೆ ಇದಕ್ಕಿಲ್ಲ. ದಿನಾಲೂ ನೂರು ಮೈಲಿ ಓಡುವವರಿಗೆ ನಾನೂ ಹೊಸದನ್ನೇ ಹೇಳುತ್ತೇನೆ. ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ, ನಿಧಾನವಾಗಿ, ದೂರ ಹೋಗದೆ ತಿರುಗುವ ಇಬ್ಬರು ಮುದುಕರು ಪೆನ್ಷನ್ನಿನ ಅರ್ಧವನ್ನು ಕಂತಿಗೆ ಕಟ್ಟುವುದು ಮಾತ್ರ ವಿವೇಕವೆಂದು ನನಗೆ ತೋರಲಿಲ್ಲ. ಕಂತು ಕಟ್ಟಿದ ಮೇಲೆ ಡೀಸೆಲಿಗೆ ದುಡ್ಡಿಲ್ಲದ ಗಾಡಿ ಅಂಗಳದ ಅಲಂಕಾರವಾಗುತ್ತದೆ, ಅಷ್ಟೇ.

ಸುರಪುರದ ವ್ಯಾನನ್ನು ಕೊಂಡೆವು. ಬಣ್ಣ ಹಾಕಿಸಲಿಲ್ಲ, ಆ ದುಡ್ಡಿನಲ್ಲಿ ಬ್ರೇಕು ಮತ್ತು ಟೈರು ಹೊಸವು ಹಾಕಿಸಿದೆವು, ಎಡಬಾಗಿಲ ಕೆಳಗಿನ ತುಕ್ಕು ಕೆರೆಸಿ ತಗಡು ಹಾಕಿಸಿದೆವು. ಕಳೆದ ಚಳಿಗಾಲದಲ್ಲಿ ಮೊದಲ ರಾತ್ರಿಯನ್ನು ಬೋನಾಳದ ಬಳಿಯ ಪರಿಚಯದವರ ಹೊಲದಂಗಳದಲ್ಲಿ ಕಳೆದೆವು. ನಸುಕಿನಲ್ಲಿ ಕೆರೆಯ ಕಡೆಯಿಂದ ಹಕ್ಕಿಗಳ ಗದ್ದಲ ಕೇಳಿ ನಾನು ಎದ್ದಾಗ ಆಕೆ ನನಗಿಂತ ಮೊದಲೇ ಎದ್ದು, ಮಣೆಯ ಮೇಲೆ ಕಾಲಿಟ್ಟು ತಾನೇ ಕೆಳಗಿಳಿದು, ಕೌದಿ ಹೊದ್ದು ನಿಂತಿದ್ದಳು. ಚಹಾಕ್ಕೆ ನೀರು ಇಟ್ಟಾಗಿತ್ತು. ಹೊರಡುವಾಗ ಎರಡನೆಯ ಗೇರು, ಮೇಸ್ತ್ರಿ ಹೇಳಿದ ಹಾಗೆಯೇ ಕಿರಿಕಿರಿ ಮಾಡಿತು. ಹೇಳಿದ ದೋಷ ಹೇಳಿದಲ್ಲಿಯೇ ಇತ್ತು; ಹೇಳದ ದೋಷ ಇದುವರೆಗೆ ಒಂದೂ ಹೊರಬಿದ್ದಿಲ್ಲ.

ಹಳೆಯದನ್ನು ಮಾರುವವರಿಗೆ ನನ್ನದೊಂದು ವಿನಂತಿ: ದೋಷಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ. ಕೊಳ್ಳುವವರು ಅದನ್ನು ಕೇಳಿ ಪಡೆಯಲು ಸಂಕೋಚ ಪಡಬೇಡಿ. ಬರೆದುಕೊಡಲು ಹಿಂಜರಿಯುವವರ ಗಾಡಿ ಎಷ್ಟೇ ಹೊಳೆಯಲಿ, ಮುಂಗಡ ಕೊಡದೆ ಮರಳಿ ಬನ್ನಿ. ಈ ಪಾಠಕ್ಕೆ ನಾನು ಹದಿನೈದು ಸಾವಿರ ಶುಲ್ಕ ಕಟ್ಟಿದ್ದೇನೆ. ನಿಮಗೆ ಪುಕ್ಕಟೆ ಸಿಗಲಿ.